ಗಂಡ ಅಥವಾ ಹೆಂಡತಿ ‘ನಾನ್‌ರೆಸಿಡೆಂಟ್’ ಆಗಿದ್ದರೆ ಅಮೆರಿಕದಲ್ಲಿ ಟ್ಯಾಕ್ಸ್ ಫೈಲ್ ಮಾಡುವುದು ಹೇಗೆ

ಒಬ್ಬರು ಅಮೆರಿಕದಲ್ಲಿ ಕೆಲಸದಲ್ಲಿದ್ದಾರೆ, ಸಂಗಾತಿ ಇನ್ನೂ ಭಾರತದಲ್ಲೇ ಇದ್ದಾರೆ. ಅಥವಾ ಇಬ್ಬರೂ ಅಮೆರಿಕದಲ್ಲಿದ್ದು ಒಬ್ಬರದು ಎಚ್-1ಬಿ (ಕೆಲಸದ ವೀಸಾ), ಇನ್ನೊಬ್ಬರದು ಎಫ್-1 (ವಿದ್ಯಾರ್ಥಿ ವೀಸಾ). ಇಂಥ ಮನೆಗಳಲ್ಲಿ ಫೆಬ್ರುವರಿ ಬಂತೆಂದರೆ ಜಂಟಿಯಾಗಿ ಫೈಲ್ ಮಾಡಬಹುದೇ, ಬೇರೆ ಬೇರೆಯಾಗಿಯೇ ಮಾಡಬೇಕೇ ಎಂಬ ಚರ್ಚೆ ಶುರುವಾಗುತ್ತದೆ. ಸಾಫ್ಟ್‌ವೇರ್ ತೆರೆದು ‘ಮ್ಯಾರೀಡ್’ ಎಂದು ಒತ್ತಿ ಮುಂದೆ ಹೋಗುವವರು ಇಲ್ಲೇ ಎಡವುವುದು. ಮೊದಲು ತೆಗೆಯಬೇಕಾದದ್ದು ಇಬ್ಬರ ಪಾಸ್‌ಪೋರ್ಟ್ ಮತ್ತು ಐ-94ರ (ಅಮೆರಿಕಕ್ಕೆ ಬಂದುಹೋದ ಸರ್ಕಾರಿ ದಾಖಲೆ) ಪ್ರಯಾಣದ ಪಟ್ಟಿ. ಯಾರು ಎಷ್ಟು ದಿನ ಅಮೆರಿಕದ ನೆಲದಲ್ಲಿದ್ದರು ಎಂಬ ಲೆಕ್ಕ ಸಿಕ್ಕಮೇಲೆ ಉಳಿದದ್ದು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಇಲ್ಲಿ ಕೊಟ್ಟ ಅಂಕಿಗಳೆಲ್ಲ 2025ರ ಆದಾಯಕ್ಕೆ, ಅಂದರೆ 2026ರ ಏಪ್ರಿಲ್ 15ರೊಳಗೆ ಸಲ್ಲಿಸುವ ಫೆಡರಲ್ ರಿಟರ್ನ್‌ಗೆ ಸಂಬಂಧಿಸಿದವು.

ಯಾರು ರೆಸಿಡೆಂಟ್, ಯಾರು ಅಲ್ಲ

ವೀಸಾದಲ್ಲಿ ‘ನಾನ್‌ಇಮಿಗ್ರಂಟ್’ ಎಂದಿದ್ದ ಮಾತ್ರಕ್ಕೆ ಟ್ಯಾಕ್ಸ್ ಲೆಕ್ಕದಲ್ಲಿ ನಾನ್‌ರೆಸಿಡೆಂಟ್ ಆಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರು ರೆಸಿಡೆಂಟ್. ಅದಿಲ್ಲದವರಿಗೆ ದಿನಗಳ ಲೆಕ್ಕ: ಈ ವರ್ಷ ಕನಿಷ್ಠ 31 ದಿನ ಅಮೆರಿಕದಲ್ಲಿ ಇದ್ದಿರಬೇಕು, ಜೊತೆಗೆ ಈ ವರ್ಷದ ಎಲ್ಲ ದಿನಗಳು, ಕಳೆದ ವರ್ಷದ ದಿನಗಳಲ್ಲಿ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ದಿನಗಳಲ್ಲಿ ಆರನೇ ಒಂದು ಭಾಗ, ಇವು ಮೂರೂ ಕೂಡಿ 183 ಮುಟ್ಟಬೇಕು. ಮೂರು ವರ್ಷವೂ ತಲಾ 120 ದಿನ ಇದ್ದವರ ಮೊತ್ತ 120 + 40 + 20, ಒಟ್ಟು 180. ಮೂರು ದಿನದಲ್ಲಿ ತಪ್ಪಿತು, ಅವರು ನಾನ್‌ರೆಸಿಡೆಂಟ್. ಬಂದ ದಿನ, ಹೊರಟ ದಿನ ಎರಡೂ ಸಾಮಾನ್ಯವಾಗಿ ಲೆಕ್ಕಕ್ಕೆ ಸೇರುತ್ತವೆ.

ಎಚ್-1ಬಿ, ಎಲ್-1 (ಕಂಪನಿಯೊಳಗಿನ ವರ್ಗಾವಣೆಯ ವೀಸಾ), ಎಚ್-4ರಲ್ಲಿ (ಎಚ್-1ಬಿಯವರ ಸಂಗಾತಿ, ಮಕ್ಕಳ ವೀಸಾ) ಕಳೆದ ದಿನಗಳು ಎಣಿಕೆಗೆ ಬರುತ್ತವೆ. ಎಫ್-1 ವಿದ್ಯಾರ್ಥಿಗಳ ದಿನಗಳು ಐದು ಕ್ಯಾಲೆಂಡರ್ ವರ್ಷ ಎಣಿಕೆಗೆ ಬರುವುದಿಲ್ಲ. ಅವರೊಂದಿಗೆ ಎಫ್-2ರಲ್ಲಿ ಬಂದವರದೂ ಹಾಗೆಯೇ. ಡಿಸೆಂಬರ್ 28ಕ್ಕೆ ಬಂದಿಳಿದರೂ ಆ ವರ್ಷ ಐದರಲ್ಲಿ ಒಂದು ಪೂರ್ತಿ ವರ್ಷವಾಗಿ ಕಳೆದುಹೋಗುತ್ತದೆ. ಒಪಿಟಿಯಲ್ಲಿ (ಎಫ್-1ನವರಿಗೆ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಸಿಗುವ ಅನುಮತಿ) ಸಂಬಳ ಬರುತ್ತಿದ್ದರೂ ಈ ಐದು ವರ್ಷ ಮುಗಿಯುವವರೆಗೆ ನಾನ್‌ರೆಸಿಡೆಂಟೇ. ಹೀಗೆ ವಿನಾಯಿತಿಯಲ್ಲಿರುವವರು ಆದಾಯ ಇರಲಿ ಬಿಡಲಿ, ಫಾರ್ಮ್ 8843 ಕಳಿಸಬೇಕು. ಬಹಳ ಜನ ಇದನ್ನು ಮರೆಯುತ್ತಾರೆ.

ಎಚ್-4ರಲ್ಲಿ ವರ್ಷವಿಡೀ ಅಮೆರಿಕದಲ್ಲೇ ಇದ್ದ ಸಂಗಾತಿ ದಿನದ ಲೆಕ್ಕದಲ್ಲೇ ರೆಸಿಡೆಂಟ್ ಆಗಿರುತ್ತಾರೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲ ಎಂಬುದಕ್ಕೂ ರೆಸಿಡೆಂಟ್ ಅಲ್ಲ ಎಂಬುದಕ್ಕೂ ಸಂಬಂಧವಿಲ್ಲ. ಅಂಥವರು ಐಟಿಐಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಕೊಡುವ ಟ್ಯಾಕ್ಸ್ ನಂಬರ್) ಮಾಡಿಸಿಕೊಂಡು ಮಾಮೂಲಿ ಜಂಟಿ ರಿಟರ್ನ್ ಹಾಕಿದರೆ ಸಾಕು. ನಾನ್‌ರೆಸಿಡೆಂಟ್ ಸಂಗಾತಿಯನ್ನೂ ರೆಸಿಡೆಂಟ್ ಎಂದು ಪರಿಗಣಿಸಿ ಎಂದು ಕೇಳುವ, ಕೆಳಗೆ ಹೇಳುವ ವಿಶೇಷ ಆಯ್ಕೆಯ ಪತ್ರ ಬೇಕಾಗಿಲ್ಲ. ಅದೇ ವರ್ಷದ ನಡುವೆ ಮೊದಲ ಸಲ ಬಂದವರಿಗೆ ಗಡಿ ಜುಲೈ 2: ಅವತ್ತಿನಿಂದ ಡಿಸೆಂಬರ್ 31ರವರೆಗೆ ಎಲ್ಲೂ ಹೋಗದೆ ಇದ್ದರೆ ಸರಿಯಾಗಿ 183 ದಿನ ಆಗುತ್ತದೆ. ಅವರು ಆ ವರ್ಷ ಅರ್ಧ ನಾನ್‌ರೆಸಿಡೆಂಟ್, ಅರ್ಧ ರೆಸಿಡೆಂಟ್. ಇದಕ್ಕೆ ಡ್ಯುಯಲ್ ಸ್ಟೇಟಸ್ ಎನ್ನುತ್ತಾರೆ. ಡ್ಯುಯಲ್ ಸ್ಟೇಟಸ್‌ನವರಿಗೆ ಆಯ್ಕೆಯ ಪತ್ರ ಹಾಕದೆ ಜಂಟಿ ರಿಟರ್ನೂ ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ನೂ (ಆದಾಯದಿಂದ ಕಳೆಯಲು ಬಿಡುವ ನಿಗದಿತ ಮೊತ್ತ) ಇಲ್ಲ.

ಮದುವೆಯ ವಿಷಯದಲ್ಲಿ ನೋಡುವುದು ಡಿಸೆಂಬರ್ 31ರ ಸ್ಥಿತಿಯನ್ನು ಮಾತ್ರ. ಡಿಸೆಂಬರ್ 29ಕ್ಕೆ ಭಾರತದಲ್ಲಿ ತಾಳಿ ಕಟ್ಟಿ, ಮದುವೆ ಅಲ್ಲಿಯ ಕಾನೂನಿನಂತೆ ಸಿಂಧುವಾಗಿದ್ದರೆ, ಟ್ಯಾಕ್ಸ್ ಮಟ್ಟಿಗೆ ನೀವು ಆ ವರ್ಷವೆಲ್ಲ ವಿವಾಹಿತರು. ‘ಸಿಂಗಲ್’ ಎಂದು ಹಾಕುವಂತಿಲ್ಲ. ರಿಟರ್ನ್ ಜೊತೆ ಮ್ಯಾರೇಜ್ ಸರ್ಟಿಫಿಕೇಟ್ ಲಗತ್ತಿಸಬೇಕಾಗಿಲ್ಲ, ಮನೆಯಲ್ಲಿ ಇಟ್ಟುಕೊಂಡಿರಿ.

ಇರುವ ಮೂರು ದಾರಿ

ನೀವು ರೆಸಿಡೆಂಟ್ ಅಥವಾ ಸಿಟಿಜನ್, ಸಂಗಾತಿ ನಾನ್‌ರೆಸಿಡೆಂಟ್ ಎಂದಿಟ್ಟುಕೊಳ್ಳಿ. ಏನೂ ಆಯ್ಕೆ ಮಾಡದಿದ್ದರೆ ನಿಮ್ಮ ಪಾಲಿಗೆ ಬರುವುದು ‘ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ’. ಸಂಗಾತಿಗೆ ಯಾವ ನಂಬರೂ ಇಲ್ಲ, ಬೇಕಾಗಿಯೂ ಇಲ್ಲ ಎಂದರೆ ಫಾರ್ಮ್ 1040ರಲ್ಲಿ (ರೆಸಿಡೆಂಟ್‌ಗಳ ರಿಟರ್ನ್ ಫಾರ್ಮ್) ಅವರ ನಂಬರಿನ ಜಾಗದಲ್ಲಿ ‘ಎನ್‌ಆರ್‌ಎ’ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆಯಬೇಕು. ಸುಲಭದ ದಾರಿ, ಆದರೆ ದುಬಾರಿ. ಟ್ಯಾಕ್ಸ್ ಸ್ಲ್ಯಾಬ್‌ಗಳು ಕಿರಿದಾಗುತ್ತವೆ. ಶಿಕ್ಷಣದ ಕ್ರೆಡಿಟ್ (ಕಟ್ಟಬೇಕಾದ ಟ್ಯಾಕ್ಸ್‌ನಲ್ಲೇ ನೇರವಾಗಿ ಕಳೆಯುವ ಮೊತ್ತ) ಮತ್ತು ವಿದ್ಯಾಸಾಲದ ಬಡ್ಡಿಯ ಕಡಿತ ಸಿಗುವುದಿಲ್ಲ. ವರ್ಷದಲ್ಲಿ ಒಂದು ದಿನವಾದರೂ ಸಂಗಾತಿಯ ಜೊತೆ ವಾಸವಿದ್ದರೆ ರಾತ್ ಐಆರ್‌ಎಗೆ (ನಿವೃತ್ತಿಯ ಉಳಿತಾಯ ಖಾತೆ) ಹಣ ಹಾಕುವ ಆದಾಯದ ಮಿತಿ 10,000 ಡಾಲರ್‌ಗೆ ಇಳಿಯುತ್ತದೆ.

ಎರಡನೆಯದು ಜಂಟಿ ರಿಟರ್ನ್. ಟ್ಯಾಕ್ಸ್ ಕೋಡಿನ 6013(ಜಿ) ಪ್ರಕಾರ, ವರ್ಷದ ಕೊನೆಯ ದಿನ ಒಬ್ಬರು ಸಿಟಿಜನ್ ಅಥವಾ ರೆಸಿಡೆಂಟ್ ಆಗಿದ್ದರೆ ಇನ್ನೊಬ್ಬರನ್ನೂ ವರ್ಷಪೂರ್ತಿ ರೆಸಿಡೆಂಟ್ ಎಂದು ಪರಿಗಣಿಸುವಂತೆ ಇಬ್ಬರೂ ಸೇರಿ ಕೇಳಬಹುದು. ಸಂಗಾತಿ ಅಮೆರಿಕಕ್ಕೆ ಕಾಲಿಟ್ಟೇ ಇಲ್ಲದಿದ್ದರೂ ಇದು ನಡೆಯುತ್ತದೆ. ಒಮ್ಮೆ ಕೇಳಿದರೆ ಮುಂದಿನ ವರ್ಷಗಳಿಗೂ ತಾನಾಗಿಯೇ ಮುಂದುವರಿಯುತ್ತದೆ. ಇದರ ತಮ್ಮನಂತಿರುವ 6013(ಎಚ್) ವರ್ಷದ ಆರಂಭದಲ್ಲಿ ನಾನ್‌ರೆಸಿಡೆಂಟ್ ಆಗಿದ್ದು ಕೊನೆಗೆ ರೆಸಿಡೆಂಟ್ ಆದವರಿಗೆ. ಅದು ಆ ಒಂದು ವರ್ಷಕ್ಕೆ ಮಾತ್ರ, ಜೀವನದಲ್ಲಿ ಒಮ್ಮೆ ಮಾತ್ರ.

ಮೂರನೆಯದು ‘ಹೆಡ್ ಆಫ್ ಹೌಸ್‌ಹೋಲ್ಡ್’. ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಸಂಗಾತಿ ವರ್ಷದಲ್ಲಿ ಯಾವಾಗಲಾದರೂ ನಾನ್‌ರೆಸಿಡೆಂಟ್ ಆಗಿದ್ದು, ನೀವು ಜಂಟಿ ಆಯ್ಕೆ ಮಾಡದಿದ್ದರೆ, ಈ ಸ್ಟೇಟಸ್‌ನ ಮಟ್ಟಿಗೆ ನಿಮ್ಮನ್ನು ಅವಿವಾಹಿತರಂತೆ ನೋಡುತ್ತಾರೆ. ಇಷ್ಟು ಓದಿ ಖುಷಿಪಟ್ಟು ಟಿಕ್ ಹಾಕುವವರು ಮುಂದಿನ ಸಾಲನ್ನು ಓದಿರುವುದಿಲ್ಲ. ನೀವು ವರ್ಷಪೂರ್ತಿ ಸಿಟಿಜನ್ ಅಥವಾ ರೆಸಿಡೆಂಟ್ ಆಗಿರಬೇಕು, ಮನೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದಾಗಿರಬೇಕು, ಅರ್ಹ ವ್ಯಕ್ತಿಯೊಬ್ಬರು ಇರಲೇಬೇಕು. ಸಾಮಾನ್ಯವಾಗಿ ಅದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ನಿಮ್ಮ ಮನೆಯಲ್ಲಿ ವಾಸವಿದ್ದ ಮಗು. ಸಂಗಾತಿ ಆ ಅರ್ಹ ವ್ಯಕ್ತಿ ಆಗಲಾರರು. ಹೆಂಡತಿ, ಮಗು ಇಬ್ಬರೂ ಭಾರತದಲ್ಲಿದ್ದು, ಗಂಡ ಅಮೆರಿಕದಲ್ಲಿ ರೂಮ್‌ಮೇಟ್‌ಗಳ ಜೊತೆ ಇದ್ದುಕೊಂಡು ಹೆಡ್ ಆಫ್ ಹೌಸ್‌ಹೋಲ್ಡ್ ಹಾಕಿದರೆ ಅದು ನಿಲ್ಲುವುದಿಲ್ಲ.

ಇಬ್ಬರೂ ನಾನ್‌ರೆಸಿಡೆಂಟ್ ಆಗಿದ್ದರೆ, ಉದಾಹರಣೆಗೆ ಇಬ್ಬರೂ ಎಫ್-1ರ ಐದು ವರ್ಷದೊಳಗಿದ್ದರೆ, ಜಂಟಿಯ ಮಾತೇ ಇಲ್ಲ. ಒಬ್ಬೊಬ್ಬರೂ ಫಾರ್ಮ್ 1040-ಎನ್‌ಆರ್ ಹಾಕಬೇಕು. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯಿಂದ ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಒಂದು ಅನುಕೂಲವಿದೆ: ಉಳಿದ ನಾನ್‌ರೆಸಿಡೆಂಟ್‌ಗಳಿಗೆ ಇಲ್ಲದ ಸ್ಟ್ಯಾಂಡರ್ಡ್ ಡಿಡಕ್ಷನ್ ಅವರಿಗೆ ಸಿಗುತ್ತದೆ, 2025ಕ್ಕೆ 15,750 ಡಾಲರ್.

ಅಕ್ಟೋಬರ್ 1ಕ್ಕೆ ಎಫ್-1ರಿಂದ ಎಚ್-1ಬಿಗೆ ಬದಲಾದವರ ಕಥೆ ಸ್ವಲ್ಪ ಬೇರೆ. ಅವರಿಗೆ ಆ ವರ್ಷ ಎಣಿಕೆಗೆ ಸಿಗುವುದು 92 ದಿನ, ಹಾಗಾಗಿ ನಾನ್‌ರೆಸಿಡೆಂಟ್. ಆದರೆ ‘ಫಸ್ಟ್ ಇಯರ್ ಚಾಯ್ಸ್’ ಎಂಬ ಅವಕಾಶವಿದೆ. ವರ್ಷದ ಕೊನೆಯ ಭಾಗದಲ್ಲಿ ಸತತ 31 ದಿನ ಇದ್ದು, ಅಲ್ಲಿಂದ ಡಿಸೆಂಬರ್ 31ರವರೆಗಿನ ದಿನಗಳಲ್ಲಿ ಶೇಕಡ 75ರಷ್ಟು ಅಮೆರಿಕದಲ್ಲೇ ಕಳೆದು, ಮುಂದಿನ ವರ್ಷ ದಿನಗಳ ಪರೀಕ್ಷೆ ಪಾಸಾದರೆ, ಹಿಂದಿನ ವರ್ಷದ ಕೊನೆಯಿಂದಲೇ ರೆಸಿಡೆಂಟ್ ಎನಿಸಿಕೊಳ್ಳಬಹುದು. ವರ್ಷದ ಕೊನೆಯ ದಿನ ರೆಸಿಡೆಂಟ್ ಆದಮೇಲೆ ಸಂಗಾತಿಯೊಂದಿಗೆ ಜಂಟಿ ರಿಟರ್ನ್‌ನ ಬಾಗಿಲೂ ತೆರೆಯುತ್ತದೆ. ತೊಡಕು ಎಂದರೆ, ಮುಂದಿನ ವರ್ಷದ ಪರೀಕ್ಷೆ ಪಾಸಾಗುವವರೆಗೆ ಈ ರಿಟರ್ನ್ ಹಾಕುವಂತಿಲ್ಲ. 92ರ ಮೂರನೇ ಒಂದು ಭಾಗ ಸುಮಾರು 30.67, ಇನ್ನು 153 ದಿನ ಬೇಕು, ಅಂದರೆ ಜೂನ್ ಮೊದಲ ವಾರ. ಏಪ್ರಿಲ್ 15ರೊಳಗೆ ಫಾರ್ಮ್ 4868 ಹಾಕಿ ಅಕ್ಟೋಬರ್‌ವರೆಗೆ ಗಡುವು ಪಡೆಯಿರಿ. ಗಡುವು ಸಿಗುವುದು ಕಾಗದಕ್ಕೆ, ಹಣಕ್ಕಲ್ಲ. ಬಾಕಿ ಟ್ಯಾಕ್ಸ್ ಇದ್ದರೆ ಏಪ್ರಿಲ್‌ನಲ್ಲೇ ಕಟ್ಟಬೇಕು.

ಜಂಟಿಯಾದರೆ ಎಷ್ಟು ಉಳಿಯುತ್ತದೆ

ಸಂಬಳ 1,10,000 ಡಾಲರ್, ಸಂಗಾತಿಗೆ ಆದಾಯವಿಲ್ಲ, ಬೇರೆ ಕ್ರೆಡಿಟ್‌ಗಳಿಲ್ಲ ಎಂದು ಹಿಡಿದು ಲೆಕ್ಕ ಹಾಕೋಣ.

ಸೆಪರೇಟ್ ಆದರೆ 15,750 ಡಾಲರ್ ಕಳೆದು 94,250ರ ಮೇಲೆ ಟ್ಯಾಕ್ಸ್: ಸುಮಾರು 15,649 ಡಾಲರ್.
ಜಂಟಿಯಾದರೆ 31,500 ಕಳೆದು 78,500ರ ಮೇಲೆ: 8,943 ಡಾಲರ್.
ಹೆಡ್ ಆಫ್ ಹೌಸ್‌ಹೋಲ್ಡ್‌ಗೆ ನಿಜವಾಗಿ ಅರ್ಹರಾಗಿದ್ದರೆ 23,625 ಕಳೆದು 86,375ರ ಮೇಲೆ: ಸುಮಾರು 12,178 ಡಾಲರ್.

ಸೆಪರೇಟ್‌ಗೂ ಜಂಟಿಗೂ 6,700 ಡಾಲರ್ ವ್ಯತ್ಯಾಸ. ಆದರೆ ಜಂಟಿ ಆಯ್ಕೆ ಮಾಡಿದ ಕ್ಷಣ ಸಂಗಾತಿಯ ಜಗತ್ತಿನಾದ್ಯಂತದ ಆದಾಯ ಅಮೆರಿಕದ ರಿಟರ್ನ್‌ಗೆ ಬರುತ್ತದೆ. ಹಾಗಾದರೆ ಸಂಗಾತಿ ಎಷ್ಟು ದುಡಿಯುತ್ತಿದ್ದರೆ ಲಾಭ ಕರಗುತ್ತದೆ? ಇದೇ ಉದಾಹರಣೆಯಲ್ಲಿ, ಭಾರತದಲ್ಲಿ ಕಟ್ಟಿದ ಟ್ಯಾಕ್ಸಿಗೆ ಒಂದು ಡಾಲರ್ ಕ್ರೆಡಿಟ್ಟನ್ನೂ ತೆಗೆದುಕೊಳ್ಳದಿದ್ದರೂ, ಸಂಗಾತಿಯ ಆದಾಯ ಸುಮಾರು 38,800 ಡಾಲರ್ ದಾಟುವವರೆಗೆ ಜಂಟಿಯೇ ಅಗ್ಗ. ಫಾರ್ಮ್ 1116ರಲ್ಲಿ ವಿದೇಶಿ ತೆರಿಗೆಯ ಕ್ರೆಡಿಟ್ ತೆಗೆದುಕೊಂಡರೆ ಈ ಗಡಿ ಇನ್ನೂ ಮೇಲಕ್ಕೆ ಹೋಗುತ್ತದೆ. ಸಂಗಾತಿ 12 ತಿಂಗಳಲ್ಲಿ 330 ಪೂರ್ಣ ದಿನ ವಿದೇಶದಲ್ಲೇ ಇದ್ದರೆ ಫಾರ್ಮ್ 2555ರ ಮೂಲಕ ಅಲ್ಲಿಯ ಸಂಬಳವನ್ನು 1,30,000 ಡಾಲರ್‌ವರೆಗೆ ಹೊರಗಿಡುವ ದಾರಿಯೂ ಇದೆ. ಹೊರಗಿಟ್ಟ ಸಂಬಳವೂ ಟ್ಯಾಕ್ಸ್‌ನ ದರ ಯಾವುದೆಂದು ತೀರ್ಮಾನಿಸುವಾಗ ಎಣಿಕೆಗೆ ಬರುತ್ತದೆ ಎಂಬುದು ನೆನಪಿರಲಿ. ಒಂದೇ ಸಂಬಳಕ್ಕೆ ವಿದೇಶಿ ತೆರಿಗೆಯ ಕ್ರೆಡಿಟ್, ಹೊರಗಿಡುವ ಸೌಲಭ್ಯ ಎರಡನ್ನೂ ತೆಗೆದುಕೊಳ್ಳುವಂತಿಲ್ಲ ಎಂಬುದೂ.

ಹಾಗಾಗಿ ಸಂಬಳದ ವಿಷಯದಲ್ಲಿ ತಲೆಕೆಡಿಸಿಕೊಳ್ಳುವ ಅಗತ್ಯ ಕಡಿಮೆ. ನಿಜವಾದ ತಲೆನೋವು ಉಳಿತಾಯದಲ್ಲಿದೆ.

ಸಂಗಾತಿಯ ಭಾರತದ ಕಾಗದಗಳು

ಭಾರತದ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್, ಅಮೆರಿಕದ್ದು ಜನವರಿಯಿಂದ ಡಿಸೆಂಬರ್. ಒಂದು ಫಾರ್ಮ್ 16 ಹಿಡಿದು ಅದರ ಮೊತ್ತವನ್ನು ಹಾಗೇ ಇಳಿಸಿದರೆ ತಪ್ಪಾಗುತ್ತದೆ. 2025ರ ಜನವರಿ, ಫೆಬ್ರುವರಿ, ಮಾರ್ಚ್‌ನ ಸಂಬಳ ಹಿಂದಿನ ಹಣಕಾಸು ವರ್ಷದ ಫಾರ್ಮ್ 16ರಲ್ಲಿ ಸೇರಿಹೋಗಿರುತ್ತದೆ. ಏಪ್ರಿಲ್‌ನಿಂದ ಡಿಸೆಂಬರ್‌ನದು ಇನ್ನೊಂದರಲ್ಲಿ, ಅದೂ ಮುಂದಿನ ಬೇಸಿಗೆಯವರೆಗೆ ಕೈಗೆ ಬರುವುದಿಲ್ಲ. ಹನ್ನೆರಡು ತಿಂಗಳ ಪೇ ಸ್ಲಿಪ್ ಸಾಲಾಗಿ ಇಟ್ಟುಕೊಂಡು, ತಿಂಗಳ ಸಂಬಳ ಒಂದು ಕಾಲಂ, ಕಡಿತವಾದ ಟಿಡಿಎಸ್ ಇನ್ನೊಂದು ಕಾಲಂ ಎಂದು ಹಾಳೆ ಮಾಡಿ. ಟಿಡಿಎಸ್ಸನ್ನು 26ಎಎಸ್ (ಭಾರತದ ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ದಾಖಲೆ) ಜೊತೆ ತಾಳೆ ನೋಡಿ. ಕೊನೆಗೆ ರೂಪಾಯಿಯನ್ನು ವರ್ಷದ ಸರಾಸರಿ ವಿನಿಮಯ ದರದಲ್ಲಿ ಡಾಲರ್‌ಗೆ ತನ್ನಿ; ಈ ದರವನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಪ್ರತಿವರ್ಷ ಪ್ರಕಟಿಸುತ್ತದೆ.

ಫಿಕ್ಸೆಡ್ ಡೆಪಾಸಿಟ್ ಇನ್ನೂ ಮುಗಿದಿಲ್ಲ, ಬಡ್ಡಿ ಕೈಗೆ ಬಂದಿಲ್ಲ ಎಂದು ಬಿಡುವಂತಿಲ್ಲ. ಅಸಲಿಗೆ ಸೇರುತ್ತ ಹೋಗುವ ಡೆಪಾಸಿಟ್‌ನಲ್ಲಿ ವರ್ಷವರ್ಷ ಸೇರಿದ ಬಡ್ಡಿಯನ್ನು ಆಯಾ ವರ್ಷವೇ ತೋರಿಸಬೇಕು. ಪಿಪಿಎಫ್ ಬಡ್ಡಿಗೆ, ಕೃಷಿ ಆದಾಯಕ್ಕೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ ಎಂಬುದು ಅಮೆರಿಕದಲ್ಲಿ ಲೆಕ್ಕಕ್ಕಿಲ್ಲ. ಅಡಿಕೆ ತೋಟದ ಆದಾಯ ಸಂಗಾತಿಯ ಹೆಸರಿನಲ್ಲಿ ಬರುತ್ತಿದ್ದರೆ ಅದೂ ರಿಟರ್ನ್‌ಗೆ ಬರುತ್ತದೆ, ಭಾರತದಲ್ಲಿ ಟ್ಯಾಕ್ಸ್ ಕಟ್ಟದ ಕಾರಣ ಕ್ರೆಡಿಟ್ಟೂ ಸಿಗುವುದಿಲ್ಲ.

ಎಲ್ಲಕ್ಕಿಂತ ಕಷ್ಟ ಕೊಡುವುದು ಭಾರತದ ಮ್ಯೂಚುವಲ್ ಫಂಡ್‌ಗಳು. ಅಮೆರಿಕದ ಕಣ್ಣಿಗೆ ಅವು ಪಿಎಫ್‌ಐಸಿ, ಅಂದರೆ ಬಂಡವಾಳ ಹೂಡಿಕೆಯಿಂದಲೇ ಆದಾಯ ಪಡೆಯುವ ವಿದೇಶಿ ಕಂಪನಿ. ಒಂದೊಂದು ಫಂಡಿಗೂ ಒಂದೊಂದು ಫಾರ್ಮ್ 8621. ಜಂಟಿ ರಿಟರ್ನ್‌ನಲ್ಲಿ ವರ್ಷದ ಕೊನೆಗೆ ಇಂಥ ಹೂಡಿಕೆಗಳ ಒಟ್ಟು ಬೆಲೆ 50,000 ಡಾಲರ್ ದಾಟದೆ, ಏನನ್ನೂ ಮಾರದೆ, ದೊಡ್ಡ ಡಿವಿಡೆಂಡ್ ಬಾರದೆ ಇದ್ದರೆ ಸಾಮಾನ್ಯವಾಗಿ ಫಾರ್ಮ್‌ನಿಂದ ವಿನಾಯಿತಿ ಉಂಟು. ಮಾರಿದರೆ ಲಾಭವನ್ನು ಹಿಂದಿನ ವರ್ಷಗಳಿಗೆ ಹಂಚಿ, ಆಯಾ ವರ್ಷದ ಅತಿ ಹೆಚ್ಚಿನ ದರದಲ್ಲಿ ಟ್ಯಾಕ್ಸ್ ಹಾಕಿ, ಮೇಲೆ ಬಡ್ಡಿಯನ್ನೂ ಸೇರಿಸುತ್ತಾರೆ. ಸಂಗಾತಿಯ ಹೆಸರಿನಲ್ಲಿ ಆರೇಳು ಎಸ್‌ಐಪಿ ಓಡುತ್ತಿದ್ದರೆ, ಜಂಟಿಯಿಂದ ಉಳಿಯುವ 6,700 ಡಾಲರ್‌ನ ಎದುರು ಈ ಫಾರ್ಮ್‌ಗಳಿಗೆ ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕ) ಕೇಳುವ ಫೀಸನ್ನೂ ಇಟ್ಟು ನೋಡಿ. ಆಯ್ಕೆಯ ಪತ್ರಕ್ಕೆ ಸಹಿ ಹಾಕುವ ಮೊದಲೇ ನೋಡಬೇಕಾದ ಲೆಕ್ಕವಿದು.

ವಿದೇಶಿ ಆಸ್ತಿ ತೋರಿಸುವ ಫಾರ್ಮ್ 8938ಕ್ಕೂ ಆಗ ಇಬ್ಬರದೂ ಸೇರುತ್ತದೆ. ಅಮೆರಿಕದಲ್ಲಿ ವಾಸವಿರುವ ಜಂಟಿ ಫೈಲರ್‌ಗಳಿಗೆ ಮಿತಿ ವರ್ಷದ ಕೊನೆಯಲ್ಲಿ 1,00,000 ಡಾಲರ್ ಅಥವಾ ವರ್ಷದಲ್ಲಿ ಯಾವಾಗಲಾದರೂ 1,50,000. ವಿದೇಶಿ ಬ್ಯಾಂಕ್ ಖಾತೆಗಳನ್ನು ತಿಳಿಸುವ ಎಫ್‌ಬಿಎಆರ್ ಬೇರೆಯದೇ ಕಾಗದ, ರಿಟರ್ನ್ ಜೊತೆ ಹೋಗುವುದಿಲ್ಲ, ಅಮೆರಿಕದ ಖಜಾನೆ ಇಲಾಖೆಯ ಫಿನ್‌ಸೆನ್‌ ವಿಭಾಗದ ವೆಬ್‌ಸೈಟಿನಲ್ಲಿ ಹಾಕಬೇಕು. ನಿಮ್ಮ ವಿದೇಶಿ ಖಾತೆಗಳ ಒಟ್ಟು ಮೊತ್ತ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಕಡ್ಡಾಯ. ಸಂಗಾತಿಯೊಂದಿಗಿನ ಜಾಯಿಂಟ್ ಅಕೌಂಟ್ ಇದ್ದರೆ ಅದರ ಪೂರ್ತಿ ಮೊತ್ತ ನಿಮ್ಮ ಲೆಕ್ಕಕ್ಕೆ ಬರುತ್ತದೆ, ಅರ್ಧವಲ್ಲ.

ಆಯ್ಕೆಯ ಪತ್ರ

ಐಆರ್‌ಎಸ್‌ಗೆ ಇದಕ್ಕೆಂದು ಮುದ್ರಿತ ಫಾರ್ಮ್ ಇಲ್ಲ. ಬಿಳಿ ಹಾಳೆಯಲ್ಲಿ ಇಂಗ್ಲಿಷ್‌ನಲ್ಲಿ ಬರೆದರೆ ಸಾಕು. ಅದರಲ್ಲಿರಬೇಕಾದದ್ದು: ವರ್ಷದ ಕೊನೆಯ ದಿನ ಒಬ್ಬರು ನಾನ್‌ರೆಸಿಡೆಂಟ್, ಇನ್ನೊಬ್ಬರು ಸಿಟಿಜನ್ ಅಥವಾ ರೆಸಿಡೆಂಟ್ ಆಗಿದ್ದರು ಎಂಬ ಘೋಷಣೆ, ಇಡೀ ವರ್ಷಕ್ಕೆ ಇಬ್ಬರನ್ನೂ ಅಮೆರಿಕದ ರೆಸಿಡೆಂಟ್ ಎಂದು ಪರಿಗಣಿಸಲು ಆರಿಸಿಕೊಂಡಿದ್ದೇವೆ ಎಂಬ ಮಾತು, ಇಬ್ಬರ ಹೆಸರು, ವಿಳಾಸ, ನಂಬರ್, ಇಬ್ಬರ ಸಹಿ. ಫಾರ್ಮ್ 1040ರ ಮೊದಲ ಪುಟದಲ್ಲಿ ಫೈಲಿಂಗ್ ಸ್ಟೇಟಸ್‌ನ ಜಾಗದಲ್ಲೇ ಇದಕ್ಕೊಂದು ಚೌಕವಿದೆ, ಟಿಕ್ ಮಾಡಿ ಸಂಗಾತಿಯ ಹೆಸರು ಬರೆಯಿರಿ. ರಿಟರ್ನ್‌ಗೂ ಇಬ್ಬರ ಸಹಿ ಬೇಕು. ಸಂಗಾತಿ ಭಾರತದಲ್ಲಿದ್ದರೆ ಕೊರಿಯರ್ ಹೋಗಿ ಬರುವ ಸಮಯವನ್ನೂ ಎಣಿಸಿಕೊಳ್ಳಿ, ಏಪ್ರಿಲ್ ಹತ್ತಕ್ಕೆ ಕಳಿಸಿದರೆ ಆಗದು. ಜಂಟಿ ರಿಟರ್ನ್‌ಗೆ ಸಹಿ ಹಾಕಿದವರು ಅದರ ಟ್ಯಾಕ್ಸಿಗೆ ಇಬ್ಬರೂ ಪೂರ್ತಿ ಹೊಣೆ ಎಂಬುದನ್ನು ಸಂಗಾತಿಗೂ ತಿಳಿಸಿ.

ಎಚ್-1ಬಿ–ಎಫ್-1 ಜೋಡಿಗೆ ಒಂದು ಮಾತು: ಈ ಆಯ್ಕೆ ಇನ್‌ಕಮ್ ಟ್ಯಾಕ್ಸಿಗೆ ಮಾತ್ರ. ಎಫ್-1 ಸಂಗಾತಿಗೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತದಿಂದ ಇರುವ ವಿನಾಯಿತಿ ಇದರಿಂದ ಹೋಗುವುದಿಲ್ಲ.

ಡಿಪೆಂಡೆಂಟ್ ಯಾರು

ಸಂಗಾತಿ ಎಂದೂ ಡಿಪೆಂಡೆಂಟ್ ಅಲ್ಲ. ಆದಾಯ ಸೊನ್ನೆ ಇದ್ದರೂ ಅಲ್ಲ.

ಉಳಿದವರಿಗೆ ಮೊದಲ ಜರಡಿ: ಅಮೆರಿಕದ ಸಿಟಿಜನ್, ನ್ಯಾಷನಲ್, ಟ್ಯಾಕ್ಸ್ ರೆಸಿಡೆಂಟ್ ಆಗಿರಬೇಕು, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೋದ ನಿವಾಸಿಯಾಗಿರಬೇಕು. ಭಾರತದಲ್ಲಿರುವ ಭಾರತದ ಪ್ರಜೆಗಳು, ನೀವು ತಿಂಗಳಿಗೆ ಎಷ್ಟೇ ಕಳಿಸಿ, ಇಲ್ಲೇ ಹೊರಗುಳಿಯುತ್ತಾರೆ. ಜಂಟಿ ಆಯ್ಕೆ ಸಂಗಾತಿಯನ್ನು ಮಾತ್ರ ರೆಸಿಡೆಂಟ್ ಮಾಡುತ್ತದೆ, ಅವರ ಜೊತೆ ಭಾರತದಲ್ಲಿರುವ ಭಾರತೀಯ ಪಾಸ್‌ಪೋರ್ಟಿನ ಮಗುವನ್ನು ಮಾಡುವುದಿಲ್ಲ. ಈ ಒಂದು ವಾಕ್ಯ ಗೊತ್ತಿಲ್ಲದೆ ಮಗುವಿನ ಐಟಿಐಎನ್‌ಗೆ ಅರ್ಜಿ ಹಾಕಿ, ಅದು ತಿರಸ್ಕಾರವಾಗಿ, ಪೂರ್ತಿ ರಿಟರ್ನ್ ತಡವಾಗುವುದು ಮಾಮೂಲು.

ಜರಡಿಯಲ್ಲಿ ಉಳಿದ ಮಗು ನಿಮ್ಮ ಜೊತೆ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ವಾಸವಿರಬೇಕು, ವಯಸ್ಸು 19ಕ್ಕಿಂತ ಕಡಿಮೆ, ಪೂರ್ಣಾವಧಿ ವಿದ್ಯಾರ್ಥಿಯಾದರೆ 24ಕ್ಕಿಂತ ಕಡಿಮೆ ಇರಬೇಕು, ತನ್ನ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತಾನೇ ನೋಡಿಕೊಳ್ಳುತ್ತಿರಬಾರದು. ವರ್ಷದ ಕೊನೆಗೆ 17 ತುಂಬಿರದಿದ್ದರೆ, ಕೆಲಸಕ್ಕೆ ಅರ್ಹವಾದ ಸೋಶಿಯಲ್ ಸೆಕ್ಯುರಿಟಿ ನಂಬರ್ ಮಗುವಿಗೆ ಇದ್ದರೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ 2,200 ಡಾಲರ್. 2025ರಿಂದ ಹೆತ್ತವರಿಗೂ ಇಂಥ ನಂಬರ್ ಬೇಕು, ಆದರೆ ಜಂಟಿ ರಿಟರ್ನ್‌ನಲ್ಲಿ ಇಬ್ಬರಲ್ಲಿ ಒಬ್ಬರಿಗಿದ್ದರೆ ಸಾಕು. ಇನ್ನೊಬ್ಬರದು ಐಟಿಐಎನ್ ಆಗಿದ್ದರೂ ನಡೆಯುತ್ತದೆ. ಎಚ್-4ರಲ್ಲಿ ಬಂದು ಐಟಿಐಎನ್ ಮಾತ್ರ ಇರುವ ಮಗುವಿಗೆ ಸಿಗುವುದು 500 ಡಾಲರ್‌ನ ಇನ್ನೊಂದು ಕ್ರೆಡಿಟ್. ಆದಾಯ ಜಂಟಿಯಲ್ಲಿ 4,00,000, ಉಳಿದವರಲ್ಲಿ 2,00,000 ಡಾಲರ್ ದಾಟಿದಮೇಲೆ ಇವು ಕರಗತೊಡಗುತ್ತವೆ.

ಅಮೆರಿಕದಲ್ಲಿ ಹುಟ್ಟಿದ ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಇಬ್ಬರೂ ವಾಪಸ್ ಬಂದಿದ್ದರೆ? ಮಗು ಸಿಟಿಜನ್, ಮೊದಲ ಜರಡಿ ದಾಟಿತು. ಆದರೆ ವರ್ಷವಿಡೀ ಅಜ್ಜಿಯ ಬಳಿಯೇ ಬೆಳೆದಿದ್ದರೆ ನಿಮ್ಮೊಂದಿಗೆ ಅರ್ಧ ವರ್ಷ ವಾಸ ಎಂಬುದು ತಪ್ಪಿ 2,200 ಹೋಯಿತು. ಮಗುವಿನ ಖರ್ಚಿನ ಅರ್ಧಕ್ಕಿಂತ ಹೆಚ್ಚು ನೀವೇ ಕಳಿಸುತ್ತಿದ್ದರೆ ‘ಕ್ವಾಲಿಫೈಯಿಂಗ್ ರೆಲೆಟಿವ್’ ಎಂದು 500 ಡಾಲರ್ ಪಡೆಯಬಹುದು, ಕಳಿಸಿದ ಹಣದ ದಾಖಲೆ ಇಟ್ಟಿರಬೇಕು. ರಜೆಗೆಂದು ಎರಡು ತಿಂಗಳು ಹೋಗಿಬಂದದ್ದು, ಓದಿಗೆ ಅಥವಾ ಚಿಕಿತ್ಸೆಗೆ ದೂರವಿದ್ದದ್ದು ತಾತ್ಕಾಲಿಕ ಗೈರು, ಅದು ನಿಮ್ಮೊಂದಿಗೆ ಇದ್ದಂತೆಯೇ.

ಇನ್ನು ಅಪ್ಪ–ಅಮ್ಮ. ವಿಸಿಟರ್ ವೀಸಾದಲ್ಲಿ ಒಂದೇ ಸಲ ಬಂದು ಆರು ತಿಂಗಳೊಳಗೆ ಹೋದರೆ ಅವರು ನಾನ್‌ರೆಸಿಡೆಂಟ್, ಡಿಪೆಂಡೆಂಟ್ ಅಲ್ಲ. ಎರಡು ವರ್ಷ ಸತತವಾಗಿ 180 ದಿನ ಇದ್ದರೆ ಎರಡನೇ ವರ್ಷದ ಲೆಕ್ಕ 180 + 60, ಅಂದರೆ 240. ಗೊತ್ತಿಲ್ಲದೆಯೇ ರೆಸಿಡೆಂಟ್ ಆಗಿಬಿಡುತ್ತಾರೆ. ಆಗ ಅವರ ವಾರ್ಷಿಕ ಆದಾಯ 5,200 ಡಾಲರ್‌ಗಿಂತ ಕಡಿಮೆ ಇದ್ದು, ಅರ್ಧಕ್ಕಿಂತ ಹೆಚ್ಚು ಖರ್ಚು ನಿಮ್ಮದಾಗಿದ್ದರೆ ತಲಾ 500 ಡಾಲರ್ ಸಿಗಬಹುದು. ಆದರೆ ರೆಸಿಡೆಂಟ್ ಎಂದು ಒಪ್ಪಿಕೊಂಡ ಮೇಲೆ ಅಪ್ಪನ ಪೆನ್ಷನ್, ಮನೆ ಬಾಡಿಗೆ, ಬ್ಯಾಂಕ್ ಖಾತೆಗಳೆಲ್ಲ ಅಮೆರಿಕದ ನಿಯಮಕ್ಕೆ ಬರುತ್ತವೆ. 500 ಡಾಲರ್‌ಗಾಗಿ ಇದನ್ನು ಮೈಮೇಲೆ ಎಳೆದುಕೊಳ್ಳುವುದು ಜಾಣತನವಲ್ಲ. ಆ ವರ್ಷ 183 ದಿನಕ್ಕಿಂತ ಕಡಿಮೆ ಇದ್ದಿದ್ದರೆ ಅವರ ಹೆಸರಿನಲ್ಲಿ ಫಾರ್ಮ್ 8840 ಹಾಕಿ, ಅವರ ಮನೆಮಾರು, ಸಂಬಂಧಗಳೆಲ್ಲ ಭಾರತದಲ್ಲೇ ಎಂದು ತೋರಿಸಿ ನಾನ್‌ರೆಸಿಡೆಂಟ್ ಆಗಿಯೇ ಉಳಿಸುವುದು ಮೇಲು. ಒಂದೇ ವರ್ಷಕ್ಕೆ 8840ನ್ನೂ ಹಾಕಿ ಡಿಪೆಂಡೆಂಟ್ ಎಂದೂ ತೋರಿಸುವಂತಿಲ್ಲ.

ಐಟಿಐಎನ್ ಮಾಡಿಸುವುದು

ಜಂಟಿ ರಿಟರ್ನ್‌ಗೆ ಸಂಗಾತಿಗೆ ನಂಬರ್ ಬೇಕೇಬೇಕು. ಕೆಲಸದ ಪರವಾನಗಿ ಇಲ್ಲದವರಿಗೆ ಅದು ಐಟಿಐಎನ್, ಅರ್ಜಿ ಫಾರ್ಮ್ ಡಬ್ಲ್ಯೂ-7. ಸಂಗಾತಿಗೆ ಕಾರಣದ ಚೌಕ ‘ಇ’, ಡಿಪೆಂಡೆಂಟ್‌ಗೆ ‘ಡಿ’.

ರಿಟರ್ನ್‌ನಲ್ಲಿ ನಂಬರ್ ಇಲ್ಲದವರ ಜಾಗವನ್ನು ಖಾಲಿ ಬಿಡಿ. ಪ್ರಿಂಟ್ ತೆಗೆದು, ಮೇಲೆ ಡಬ್ಲ್ಯೂ-7, ಕೆಳಗೆ ರಿಟರ್ನ್, ನಿಮ್ಮ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ), ಆಯ್ಕೆಯ ಪತ್ರ, ಗುರುತಿನ ದಾಖಲೆ, ಎಲ್ಲ ಒಂದೇ ಲಕೋಟೆಯಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಐಟಿಐಎನ್ ವಿಭಾಗಕ್ಕೆ ಹೋಗಬೇಕು. ಈ ಸಲ ಇ-ಫೈಲ್ ಆಗುವುದಿಲ್ಲ. ನಿಮ್ಮ ರಾಜ್ಯದವರು ಮಾಮೂಲಾಗಿ ರಿಟರ್ನ್ ಕಳಿಸುವ ವಿಳಾಸಕ್ಕೂ ಕಳಿಸಬಾರದು. ರಿಟರ್ನನ್ನು ಇ-ಫೈಲ್ ಮಾಡಿ ಡಬ್ಲ್ಯೂ-7 ಒಂದನ್ನೇ ಅಂಚೆಗೆ ಹಾಕುವವರಿದ್ದಾರೆ, ಎರಡೂ ವಾಪಸ್ ಬರುತ್ತವೆ.

ದಾಖಲೆಯಾಗಿ ಪಾಸ್‌ಪೋರ್ಟ್ ಒಂದೇ ಸಾಕು, ಆದರೆ ಮೂಲ ಪ್ರತಿ ಅಥವಾ ಅದನ್ನು ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ ಬೇಕು. ನೋಟರಿ ಮುದ್ರೆಯ ಜೆರಾಕ್ಸ್ ನಡೆಯುವುದಿಲ್ಲ. ಮೂಲ ಪಾಸ್‌ಪೋರ್ಟನ್ನು ವಾರಗಟ್ಟಲೆ ಕೈಬಿಡಲು ಯಾರಿಗೂ ಮನಸ್ಸಾಗದು. ಅದಕ್ಕೇ ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್‌ಗಳಿದ್ದಾರೆ. ಪಾಸ್‌ಪೋರ್ಟ್ ನೋಡಿ, ದೃಢೀಕರಿಸಿ, ಅಲ್ಲೇ ವಾಪಸ್ ಕೊಡುತ್ತಾರೆ. ಪಟ್ಟಿ ಐಆರ್‌ಎಸ್ ವೆಬ್‌ಸೈಟಿನಲ್ಲಿದೆ, ಅಮೆರಿಕದ ಹೊರಗಿರುವವರ ಹೆಸರೂ ಇದೆ.

ಮಕ್ಕಳ ಪಾಸ್‌ಪೋರ್ಟಿನಲ್ಲಿ ಅಮೆರಿಕ ಪ್ರವೇಶದ ದಿನಾಂಕ ಇರಲೇಬೇಕು. ಇಲ್ಲದಿದ್ದರೆ ಅಮೆರಿಕದಲ್ಲಿ ವಾಸದ ಪುರಾವೆ ಬೇರೆ ಕೊಡಬೇಕು: ಆರು ವರ್ಷದೊಳಗಿನವರಿಗೆ ವೈದ್ಯಕೀಯ ದಾಖಲೆ, ಅದಕ್ಕೆ ಮೇಲ್ಪಟ್ಟವರಿಗೆ ಶಾಲೆಯ ದಾಖಲೆ.

ಹೆಸರಿನ ಗೊಂದಲ ನಮ್ಮ ಕಡೆಯವರಿಗೆ ವಿಶೇಷ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಹೆಸರಿನ ಮುಂದೆ ಊರಿನ, ತಂದೆಯ ಇನಿಷಿಯಲ್. ಡಬ್ಲ್ಯೂ-7ನಲ್ಲಿ ಹೇಗೆ ಬರೆದಿರೋ ಮುಂದೆ ಪ್ರತಿವರ್ಷ ರಿಟರ್ನ್‌ನಲ್ಲೂ ಅಕ್ಷರ ಬಿಡದೆ ಹಾಗೇ ಬರೆಯಿರಿ. ಕೊನೆಯ ಹೆಸರಿನ ಮೊದಲ ನಾಲ್ಕು ಅಕ್ಷರ ತಾಳೆಯಾಗದಿದ್ದರೆ ಇ-ಫೈಲ್ ತಿರಸ್ಕಾರವಾಗುತ್ತದೆ.

ನಂಬರ್ ಬರಲು ಏಳು ವಾರ ಹಿಡಿಯುತ್ತದೆ, ಜನವರಿ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಅಥವಾ ವಿದೇಶದಿಂದ ಕಳಿಸಿದರೆ ಒಂಬತ್ತರಿಂದ ಹನ್ನೊಂದು ವಾರ. ರಿಫಂಡ್ ಅದರ ಹಿಂದೆಯೇ ಬರುತ್ತದೆ. ಸತತ ಮೂರು ವರ್ಷ ಯಾವ ರಿಟರ್ನ್‌ನಲ್ಲೂ ಬಳಸದ ಐಟಿಐಎನ್ ಅವಧಿ ಮೀರುತ್ತದೆ. ಮುಂದೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಕ್ಕರೆ ಐಟಿಐಎನ್ ಬಿಟ್ಟು, ಎರಡೂ ಒಬ್ಬರದೇ ಎಂದು ಐಆರ್‌ಎಸ್‌ಗೆ ಪತ್ರ ಬರೆಯಿರಿ.

ರಾಜ್ಯಗಳು, ತಿದ್ದುಪಡಿ, ಹಿಂತೆಗೆತ

ಟೆಕ್ಸಸ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಸೇರಿ ಒಂಬತ್ತು ರಾಜ್ಯಗಳಲ್ಲಿ ಗಂಡ–ಹೆಂಡಿರ ದುಡಿಮೆ ಇಬ್ಬರಿಗೂ ಅರ್ಧರ್ಧ ಎಂಬ ಕಾನೂನಿದೆ. ಸೆಪರೇಟ್ ಹಾಕುವಾಗ ನಿಮ್ಮ ಸಂಬಳದ ಅರ್ಧವನ್ನು ಭಾರತದಲ್ಲಿರುವ ಸಂಗಾತಿಗೆ ತೋರಿಸಿಬಿಡೋಣ ಎಂದರೆ ಆಗದು. ಒಬ್ಬರು ನಾನ್‌ರೆಸಿಡೆಂಟ್ ಆಗಿದ್ದು ಜಂಟಿ ಆಯ್ಕೆ ಮಾಡದಿದ್ದರೆ ಸಂಬಳ ದುಡಿದವರದ್ದೇ ಎಂದು ಟ್ಯಾಕ್ಸ್ ಕೋಡಿನ 879ನೇ ಸೆಕ್ಷನ್ ಹೇಳುತ್ತದೆ. ರಾಜ್ಯದ ರಿಟರ್ನ್‌ಗೆ ಸಾಮಾನ್ಯವಾಗಿ ಫೆಡರಲ್ ಸ್ಟೇಟಸ್ಸೇ ನಡೆಯುತ್ತದೆ, ಅಪವಾದಗಳಿವೆ. ಕ್ಯಾಲಿಫೋರ್ನಿಯಾದಲ್ಲಿ, ಸಂಗಾತಿ ವರ್ಷಪೂರ್ತಿ ಹೊರಗಿದ್ದು ಅಲ್ಲಿಂದ ಆದಾಯವೇ ಇಲ್ಲದಿದ್ದರೆ, ಫೆಡರಲ್ ಜಂಟಿಯಾಗಿದ್ದರೂ ರಾಜ್ಯಕ್ಕೆ ಸೆಪರೇಟ್ ಹಾಕಬಹುದು. ಎರಡೂ ಲೆಕ್ಕ ಮಾಡಿ ನೋಡಿ.

ಹಿಂದಿನ ವರ್ಷ ಸೆಪರೇಟ್ ಹಾಕಿದ್ದೀರಿ, ಈಗ ಜಂಟಿ ಬೇಕು ಎಂದರೆ ಫಾರ್ಮ್ 1040-ಎಕ್ಸ್‌ನಲ್ಲಿ ಮೂರು ವರ್ಷದೊಳಗೆ ತಿದ್ದಬಹುದು, ಆಯ್ಕೆಯ ಪತ್ರವನ್ನೂ ಆಗಲೇ ಹಾಕಬಹುದು. ಅದರ ನಂತರದ ವರ್ಷಗಳ ರಿಟರ್ನ್ ಸಲ್ಲಿಸಿಯಾಗಿದ್ದರೆ ಅವನ್ನೂ ತಿದ್ದಬೇಕು. ಜಂಟಿಯಿಂದ ಸೆಪರೇಟ್‌ಗೆ ಬರಲು ಮಾತ್ರ ಮೂಲ ಗಡುವು ಮುಗಿದಮೇಲೆ ದಾರಿಯಿಲ್ಲ. ಅನುಮಾನವಿದ್ದರೆ ಈ ವರ್ಷ ಸೆಪರೇಟ್ ಹಾಕಿ, ಸಂಗಾತಿಯ ಕಾಗದಗಳೆಲ್ಲ ಕೈಗೆ ಬಂದಮೇಲೆ ಜಂಟಿಗೆ ತಿದ್ದುವುದು ಕ್ಷೇಮ.

6013(ಜಿ) ಆಯ್ಕೆ ಒಮ್ಮೆ ಮಾಡಿದರೆ, ಮುಂದಿನ ವರ್ಷಗಳಲ್ಲಿ ಸೆಪರೇಟ್ ಹಾಕಿದರೂ ಸಂಗಾತಿ ರೆಸಿಡೆಂಟ್ ಆಗಿಯೇ ಇರುತ್ತಾರೆ, ತಮ್ಮ ಜಾಗತಿಕ ಆದಾಯಕ್ಕೆ ತಾವೇ ರಿಟರ್ನ್ ಹಾಕಬೇಕಾಗುತ್ತದೆ. ಅದರಿಂದ ಹೊರಬರಲು ಆ ವರ್ಷದ ರಿಟರ್ನ್ ಗಡುವಿನೊಳಗೆ ಹಿಂತೆಗೆತದ ಪತ್ರ ಕೊಡಬೇಕು, ಒಬ್ಬರ ಸಹಿ ಸಾಕು. ಹೀಗೆ ಮುಗಿದ ಆಯ್ಕೆಯನ್ನು ಇದೇ ದಂಪತಿ ಮತ್ತೆ ಎಂದೂ ಮಾಡುವಂತಿಲ್ಲ. ಮುಂದಿನ ವರ್ಷವೇ ಸಂಗಾತಿ ಎಚ್-4ರಲ್ಲಿ ಬಂದು ದಿನಗಳ ಲೆಕ್ಕದಲ್ಲೇ ರೆಸಿಡೆಂಟ್ ಆಗುವವರಿದ್ದರೆ ಹಿಂತೆಗೆಯುವ ಗೊಡವೆಗೇ ಹೋಗಬೇಡಿ. ಜಂಟಿಯಾಗಿಯೇ ಮುಂದುವರಿಯುವವರು ಕಂಪನಿಯ ಪೇರೋಲ್‌ಗೆ ಹೊಸ ಡಬ್ಲ್ಯೂ-4 (ಸಂಬಳದಿಂದ ಎಷ್ಟು ಟ್ಯಾಕ್ಸ್ ಹಿಡಿಯಬೇಕೆಂದು ತಿಳಿಸುವ ಫಾರ್ಮ್) ಕೊಟ್ಟು ‘ಮ್ಯಾರೀಡ್ ಫೈಲಿಂಗ್ ಜಾಯಿಂಟ್ಲಿ’ ಎಂದು ಬದಲಿಸಿಕೊಳ್ಳಿ, ಆಗ ಉಳಿಯುವ ಹಣ ರಿಫಂಡ್‌ಗೆ ಕಾಯದೆ ತಿಂಗಳ ಸಂಬಳದಲ್ಲೇ ಬರುತ್ತದೆ.